ಗೇಟಿನ ಲೈಟಿಗೆ ಎರಡು ರಿಮೋಟು

ಹೋದ ವಾರ ತುಮಕೂರಿನಿಂದ ಅತ್ತಿಗೆ ಫೋನ್ ಮಾಡಿದ್ರು. "ನಿಮ್ಮನೇಲಿ ಮೊಬೈಲಲ್ಲೇ ಹೊರಗಡೆ ಲೈಟ್ ಹಾಕಿ ಆರಿಸ್ತೀರಂತಲ್ಲ, ಎಷ್ಟಾಯ್ತು? ನಾವೂ ಹಾಕಿಸ್ಕೊಳ್ಳೋಣ ಅಂತಿದಾರೆ ನಿಮ್ಮಣ್ಣ" ಅಂದ್ರು. ಅದಕ್ಕೂ ಮುಂಚೆ ಅರಿಶಿನ ಕುಂಕುಮಕ್ಕೆ ಬಂದಿದ್ದ ಪಕ್ಕದ ಕ್ರಾಸಿನ ಇಬ್ಬರು ಇದೇ ಕೇಳಿದ್ರು. ಬಾಯಲ್ಲಿ ಹೇಳೋಕೆ ಹೋದ್ರೆ ನಾನು ಅರ್ಧ ಹೇಳಿ ಸುಮ್ಮನಾಗಿಬಿಡ್ತೀನಿ. ಉಳಿದರ್ಧ ಹೇಳೋಕೆ ನಾಚಿಕೆ. ಬರೆದ್ರೆ ಪೂರ್ತಿ ಬರೀಬಹುದು, ಎದುರಿಗೆ ಯಾರ ಮುಖಾನೂ ಇರಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ, ಅತ್ತಿಗೆ ನೀವೂ ಇದನ್ನೇ ಓದ್ಕೊಳ್ಳಿ.

ನಮ್ಮ ಕುರುಬರಹಳ್ಳಿ ಮನೆ ನೀವೆಲ್ಲ ನೋಡಿದ್ದೀರಲ್ಲ. ಇಪ್ಪತ್ತು ಮೂವತ್ತರ ಸೈಟು, ಕೆಳಗೆ ನಾವು, ಮೇಲೆ ಬಾಡಿಗೆಯವರು. ಅವರ ಮೀಟರ್ ಬೇರೆ, ಆದ್ರೆ ಹೊರಗಿನ ಲೈಟೆಲ್ಲ ನಮ್ಮ ಮೀಟರಿಗೇ. ಗೇಟಿನ ಕಂಬದ ಮೇಲೆ ಒಂದು ಬಲ್ಬು, ಮೆಟ್ಟಿಲ ಹತ್ರ ಒಂದು ಟ್ಯೂಬ್‌ಲೈಟು, ಅಷ್ಟೇ ಇದ್ದಿದ್ದು. ಗೇಟಿನ ಬಲ್ಬು ಮಾತ್ರ ರಾತ್ರಿಯಿಡೀ ಉರೀತಿತ್ತು. ಅದಕ್ಕೊಂದು ಕಾರಣ ಇದೆ. 2017ರ ಅಕ್ಟೋಬರ್ 13ರ ಸಂಜೆ ಸುರಿದ ಮಳೆ ಈ ಕಡೆಯವರು ಯಾರೂ ಮರೆತಿಲ್ಲ. ರಾಜಕಾಲುವೆ ಉಕ್ಕಿ ಕುರುಬರಹಳ್ಳಿಯಲ್ಲಿ ಜೀವಗಳು ಹೋದ್ವು. ಅವತ್ತು ಕರೆಂಟಿಲ್ಲದ ಕತ್ತಲಲ್ಲಿ ಯಾವುದು ರಸ್ತೆ, ಯಾವುದು ಚರಂಡಿ ಅಂತ ಗೊತ್ತಾಗದೆ ಜನ ಕೂಗ್ತಿದ್ದಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಮಾರನೇ ದಿನದಿಂದ ನಮ್ಮತ್ತೆ ಒಂದು ನೇಮ ಮಾಡಿದ್ರು, ಗೇಟಿನ ದೀಪ ಬೆಳಗಾಗೋವರೆಗೂ ಆರಿಸಬಾರದು ಅಂತ. 9 ವ್ಯಾಟಿನ ಎಲ್‌ಇಡಿ. ಹೊಸ ಬೆಳಕು ಅಂತ ಸರ್ಕಾರದವರು ಕಮ್ಮಿ ಬೆಲೆಗೆ ಕೊಟ್ರಲ್ಲ, ಆವಾಗ ತಗೊಂಡಿದ್ದು.

ತೊಂದರೆ ಶುರುವಾಗಿದ್ದು ಸ್ಕೂಟರಿಂದ. 2023ರ ದೀಪಾವಳಿ ಆದ್ಮೇಲೆ ಒಂದು ರಾತ್ರಿ ಮನೆ ಮುಂದೆ ನಿಲ್ಲಿಸಿದ್ದ ಸ್ಕೂಟರು ಹೋಯ್ತು. ಪೊಲೀಸು, ಇನ್ಶೂರೆನ್ಸು, ಆ ಕಥೆ ಬೇಡ. ಆ ಸಿಟ್ಟಿಗೆ ನಮ್ಮನೆಯವರು ಗೋಡೆಗೆ 150 ವ್ಯಾಟಿನ ಹ್ಯಾಲೊಜೆನ್ ಹೊಡೆಸಿದ್ರು. ಕಳ್ಳನಿಗೆ ಕಣ್ಣು ಕುಕ್ಕಿತೋ ಇಲ್ವೋ, ಎದುರುಮನೆ ಮಗು ನಿದ್ದೆ ಮಾಡದೆ ಅಳೋಕೆ ಶುರು ಮಾಡ್ತು. ಎರಡನೇ ತಿಂಗಳಿಗೆ ಸೊನ್ನೆ ಬರ್ತಿದ್ದ ಕರೆಂಟ್ ಬಿಲ್ಲಲ್ಲಿ ದುಡ್ಡು ಬಂತು.

ಗೃಹಜ್ಯೋತಿ ಲೆಕ್ಕ ಎಲ್ಲರಿಗೂ ಗೊತ್ತಿರೋದೇ, ಆದ್ರೂ ಒಂದ್ಸಲ ಹೇಳ್ತೀನಿ. 200 ಯೂನಿಟ್ ಫ್ರೀ ಅಂದ್ರೆ ಎಲ್ಲರಿಗೂ 200 ಅಲ್ಲ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಖರ್ಚು ಮಾಡಿದ್ರೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಮಾತ್ರ ಫ್ರೀ. ದಾಟಿದ್ರೆ ದಾಟಿದ್ದಕ್ಕೆ ದುಡ್ಡು. 200 ದಾಟಿದ್ರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ನಮ್ಮ ಸರಾಸರಿ 128. ಹತ್ತು ಪರ್ಸೆಂಟ್ ಸೇರಿ 141 ಹತ್ರ ಬಂತು. ಹ್ಯಾಲೊಜೆನ್ ದಿನಕ್ಕೆ 11 ಗಂಟೆ ಉರಿದ್ರೆ ಒಂದೂವರೆ ಯೂನಿಟ್ಟಿಗಿಂತ ಜಾಸ್ತಿ, ತಿಂಗಳಿಗೆ 50. ಕಳೆದುಹೋದ ಸ್ಕೂಟರಿಗೆ ಕಾವಲು ಕಾಯೋಕೆ ಐವತ್ತು ಯೂನಿಟ್ಟು!

2024ರ ಯುಗಾದಿಗೆ ಮಗಳು ಹೈದರಾಬಾದಿಂದ ಬಂದ್ಳು. ಬಿಲ್ಲು ನೋಡಿ, ಹೋಳಿಗೆ ತಟ್ಟೆ ಕೆಳಗಿಟ್ಟು, ಪೆನ್ನು ತಗೊಂಡು ಕೂತ್ಲು. ಅವಳ ಅಪ್ಪನ ಹ್ಯಾಲೊಜೆನ್ ಕಿತ್ತು 30 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟು ಹಾಕಿಸಿದ್ಳು. ಮೆಟ್ಟಿಲ ಹಳೇ ಟ್ಯೂಬ್‌ಲೈಟು 40 ವ್ಯಾಟಂತೆ, ಆದ್ರೆ ಅದರ ಚೋಕೂ ಸೇರಿ 50 ಎಳೀತಿತ್ತು. ಅದನ್ನೂ ತೆಗೆಸಿ 20 ವ್ಯಾಟಿನ ಎಲ್‌ಇಡಿ ಹಾಕಿಸಿ, ಸೆನ್ಸರ್ ಕೂರಿಸಿದ್ಳು. ಯಾರಾದ್ರೂ ಮೆಟ್ಟಿಲು ಹತ್ತಿದ್ರೆ ಹತ್ತಿಕೊಳ್ಳುತ್ತೆ, ಒಂದು ನಿಮಿಷಕ್ಕೆ ಆರುತ್ತೆ. ಮೈಯ ಬಿಸಿ ಅಲ್ಲಾಡೋದನ್ನ ಅದು ಕಂಡುಹಿಡಿಯುತ್ತಂತೆ. ಇದು ಬಹಳ ಒಳ್ಳೇದು, ಮೆಟ್ಟಿಲಿಗೆ ಕಣ್ಣು ಮುಚ್ಕೊಂಡು ಹಾಕಿಸ್ಕೊಳ್ಳಿ.

ಆಮೇಲೆ ಮೊಬೈಲಿನದು. ಮೊದಲು ಅವಳು ಸ್ಮಾರ್ಟ್ ಬಲ್ಬು ತಂದಿದ್ಳು, ಅಂದ್ರೆ ಬಲ್ಬಿನೊಳಗೇ ವೈಫೈ ಇರೋದು. ಅದು ನಮ್ಮನೇಲಿ ಎರಡು ದಿನ ನಡೀಲಿಲ್ಲ. ಯಾಕೆ ಹೇಳಿ? ನಮ್ಮತ್ತೆ ಬೆಳಿಗ್ಗೆ ಎದ್ದ ತಕ್ಷಣ ಗೋಡೆ ಸ್ವಿಚ್ಚು ಟಪ್ ಅಂತ ಆರಿಸ್ತಾರೆ. ಗೋಡೇಲಿ ಆರಿಸಿದ್ರೆ ಬಲ್ಬಿಗೆ ಕರೆಂಟೇ ಇಲ್ಲ, ಇನ್ನು ಮೊಬೈಲಿನ ಮಾತು ಹೇಗೆ ಕೇಳುತ್ತೆ? ಸಾಯಂಕಾಲ ಹೈದರಾಬಾದಿಂದ ಫೋನು, "ಅಮ್ಮಾ, ಬಲ್ಬ್ ಆಫ್‌ಲೈನ್ ತೋರಿಸ್ತಿದೆ, ಅಜ್ಜಿ ಮತ್ತೆ ಆರಿಸಿದ್ರಾ?" ಐವತ್ತು ವರ್ಷದ ಕೈ ಅಭ್ಯಾಸ ಬಲ್ಬಿಗೋಸ್ಕರ ಬದಲಾಗುತ್ತಾ? ಹಾಗಾಗಿ ಅದನ್ನ ವಾಪಸ್ ಕಳಿಸಿ, ಸ್ವಿಚ್ ಬೋರ್ಡಿನ ಹಿಂದೆ ಕೂರೋ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ ಎರಡು ತರಿಸಿದ್ಳು. ಗೇಟಿಗೊಂದು, ಫ್ಲಡ್‌ಲೈಟಿಗೊಂದು. ಇದರಲ್ಲಿ ಗೋಡೆ ಸ್ವಿಚ್ಚೂ ಕೆಲಸ ಮಾಡುತ್ತೆ, ಮೊಬೈಲೂ ಕೆಲಸ ಮಾಡುತ್ತೆ, ಯಾರು ಕೊನೆಗೆ ಒತ್ತಿದ್ರೋ ಅವರ ಮಾತು ನಡೆಯುತ್ತೆ. ಆದ್ರೆ ಬೋರ್ಡಿನೊಳಗೆ ನ್ಯೂಟ್ರಲ್ ವೈರು ಬಂದಿರಬೇಕು. ಹಳೇ ಮನೆಗಳಲ್ಲಿ ಕೆಲವು ಬೋರ್ಡಿಗೆ ಬಂದಿರಲ್ಲ. ಅತ್ತಿಗೆ, ನಿಮ್ಮದು ಹಳೇ ಮನೆ, ಕೊಳ್ಳೋ ಮುಂಚೆ ಎಲೆಕ್ಟ್ರಿಷಿಯನ್ ಹತ್ರ ಬೋರ್ಡು ಬಿಚ್ಚಿಸಿ ನೋಡಿ. ನೀವೇ ಬಿಚ್ಚೋಕೆ ಹೋಗಬೇಡಿ.

ಇನ್ನೆರಡು ತಲೆನೋವು ಹೇಳಿಬಿಡ್ತೀನಿ. ಈ ಡಬ್ಬಿಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಅಂಟುತ್ವೆ, 5ಕ್ಕೆ ಅಲ್ಲ. ಅದು ಗೊತ್ತಾಗದೆ ಅರ್ಧ ಭಾನುವಾರ ಹೋಯ್ತು. ಎರಡನೇದು, ಕರೆಂಟ್ ಹೋಗಿ ಬಂದಾಗ ಲೈಟು ತಾನಾಗೇ ಹತ್ತಿಕೊಂಡಿರೋದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬರೋದು ಲೆಕ್ಕವೇ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಫ್ಲಡ್‌ಲೈಟು ಧಗಧಗ ಅಂತ ಉರೀತಿರೋದು, ಬಿಸಿಲಲ್ಲಿ ಕಾಣ್ಸೋದೂ ಇಲ್ಲ. ಕರೆಂಟ್ ಬಂದಾಗ ಆರಿರಬೇಕೋ, ಮೊದಲು ಹೇಗಿತ್ತೋ ಹಾಗಿರಬೇಕೋ ಅಂತ ಆ್ಯಪಲ್ಲಿ ಒಂದು ಕಡೆ ಹೇಳಬೇಕು. ನಮಗೆ ಅದು ತಿಳಿಯೋಕೆ ಒಂದು ತಿಂಗಳಾಯ್ತು.

ಟೈಮನ್ನ ಅವಳೇ ಇಟ್ಟಳು. ಸಾಯಂಕಾಲ ಆರೂವರೆಗೆ ಎರಡೂ ಹತ್ತಬೇಕು, ಹನ್ನೊಂದಕ್ಕೆ ಎರಡೂ ಆರಬೇಕು. ಗೇಟಿಂದು ಮತ್ತೆ ಬೆಳಿಗ್ಗೆ ಐದೂವರೆಯಿಂದ ಆರೂಕಾಲು, ಹಾಲಿನವರು ಪೇಪರಿನವರು ಬರೋ ಹೊತ್ತಿಗೆ. ನಮ್ಮತ್ತೆ ಮೊದಲ ದಿನ ಅತ್ತಿತ್ತ ನೋಡಿದ್ರು, ಯಾರು ಹಾಕಿದ್ದು ಅಂತ. "ನಿಮ್ಮ ಮೊಮ್ಮಗಳು ಹೈದರಾಬಾದಿಂದ ಹಾಕಿದ್ಳು" ಅಂದೆ. ದೀಪ ಕಂಡ್ರೆ ಕೈ ಮುಗಿಯೋ ಅಭ್ಯಾಸ, ಆ ಬಲ್ಬಿಗೇ ಕೈ ಮುಗಿದ್ರು. "ಹನ್ನೊಂದಕ್ಕೆ ಆರಿಹೋಗುತ್ತಂತೆ" ಅಂದಾಗ ಮಾತ್ರ ಮುಖ ಸಣ್ಣದಾಯ್ತು. "ಆವತ್ತಿನ ಮಳೆ..." ಅಂದ್ರು. ನಮ್ಮನೆಯವರು, "ಮಳೆ ಬಂದ್ರೆ ಮೊಬೈಲಲ್ಲಿ ಹಾಕೋಣಮ್ಮ" ಅಂದ್ರು. ಅಲ್ಲಿಗೆ ಮುಗೀತು. ನಾನೂ ಏನೂ ಹೇಳಲಿಲ್ಲ. ಬಿಲ್ಲು ಸೊನ್ನೆಗೆ ಬಂದಿತ್ತು, ಖುಷಿಯಾಗಿತ್ತು, ಸಿಕ್ಕಿಸಿಕ್ಕಿದವರಿಗೆಲ್ಲ ಹೇಳ್ಕೊಂಡು ಓಡಾಡ್ದೆ. ನಿಮಗೆಲ್ಲ ಸುದ್ದಿ ಮುಟ್ಟಿದ್ದು ಆವಾಗಲೇ.

ಈಗ ಉಳಿದರ್ಧ.

ನಮ್ಮ ಎದುರು ಸಾಲಿನಲ್ಲಿ, ಮೂಲೆ ವಠಾರದಲ್ಲಿ ಹೂವಿನಕ್ಕ ಇದಾರೆ. ಹೆಸರು ಹಾಕಲ್ಲ, ಹಾಕಿದ್ರೆ ಬೈತಾರೆ. ಮೂವತ್ತು ವರ್ಷದಿಂದ ಮುಂಜಾನೆ ನಾಲ್ಕಕ್ಕೆ ಎದ್ದು ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಬಿಡಿ ಹೂವು ತಂದು, ಕಟ್ಟಿ, ಮನೆಮನೆಗೆ ಕೊಡೋವರು. ಇನ್ನೂ ಮೂರು ಜನ ಹೂವಿನವರು ಸೇರಿ ಒಂದು ಲಗೇಜ್ ಆಟೋ ಗೊತ್ತು ಮಾಡ್ಕೊಂಡಿದಾರೆ. ಅದು ಬಂದು ನಿಲ್ಲೋದು ನಮ್ಮ ಮನೆ ಮುಂದೆ, ಯಾಕಂದ್ರೆ ಅಲ್ಲೇ ರಸ್ತೆ ಸ್ವಲ್ಪ ಅಗಲ. ಖಾಲಿ ಚೀಲ, ಬುಟ್ಟಿ ಎಲ್ಲ ಹೊತ್ಕೊಂಡು ಬಂದು, ನಮ್ಮ ಗೇಟಿನ ಕಲ್ಲಿನ ಮೇಲೆ ಕೂತು, ಸೊಂಟದ ಚೀಲ ಬಿಚ್ಚಿ ದುಡ್ಡು ಎಣಿಸ್ಕೊಂಡು ಕಾಯೋರು. ಇಷ್ಟು ವರ್ಷ ಆ ಹೊತ್ತಿನಲ್ಲಿ ಅವರು ಅಲ್ಲಿ ಕೂತಿರ್ತಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ನಾನು ಮಲಗಿರ್ತಿದ್ದೆ.

ಒಂದು ಮಾತು ಇಲ್ಲಿ ನೆನಪಾಗುತ್ತೆ. ಅವರು ದಿನಾ ಹೋಗೋ ಆ ಮಾರ್ಕೆಟ್ಟಿನ ಹತ್ರಾನೇ ಬೆಂಗಳೂರಿನ ಮೊದಲ ಕರೆಂಟಿನ ಬೀದಿದೀಪ ಹತ್ತಿದ್ದು, 1905ರಲ್ಲಿ. ಶಿವನಸಮುದ್ರದಲ್ಲಿ ತಯಾರಾದ ಕರೆಂಟು 1902ರಲ್ಲಿ ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, ಊರಿಗೆ ಬಂದಿದ್ದು ಮೂರು ವರ್ಷ ಆದ್ಮೇಲೆ. ಅದಕ್ಕೂ ಮುಂಚೆ ಸೀಮೆಎಣ್ಣೆ ದೀಪ. ಸಾಯಂಕಾಲ ಒಬ್ಬ ಬಂದು ಒಂದೊಂದೇ ಕಂಬ ಹತ್ತಿಸ್ಕೊಂಡು ಹೋಗಬೇಕಿತ್ತು. ನಾನು ಮದುವೆಯಾಗಿ ಈ ಮನೆಗೆ ಬಂದಾಗಲೂ ಸೈಕಲ್ಲಲ್ಲಿ ಒಬ್ಬರು ಬಂದು ಮೂಲೆ ಕಂಬದ ಪೆಟ್ಟಿಗೆ ತೆಗೆದು ಸ್ವಿಚ್ಚು ಎತ್ತಿ ಹೋಗೋರು. ಅವರು ಮಗಳ ಮದುವೆಗೆ ರಜ ಹಾಕಿದ್ರೆ ಬೀದಿ ಕತ್ತಲೆ. ಮರೆತು ಹೋದ್ರೆ ಮಾರನೇ ದಿನ ಇಡೀ ಉರಿಯೋದು. ಆಮೇಲೆ ಟೈಮರ್ ಬಂತು. ಈಗ ಎಷ್ಟೋ ಊರುಗಳಲ್ಲಿ ಆ ಪೆಟ್ಟಿಗೆಯೊಳಗೆ ಸಿಮ್ ಕಾರ್ಡು ಇಟ್ಟು, ಆಫೀಸಲ್ಲಿ ಕೂತು ಬೀದಿಗೆ ಬೀದಿಯನ್ನೇ ಹತ್ತಿಸಿ ಆರಿಸ್ತಾರೆ. 2015ರ ಜನವರಿ 5ಕ್ಕೆ ಕೇಂದ್ರದವರು ಎಲ್‌ಇಡಿ ಬೀದಿದೀಪದ ಯೋಜನೆ ಶುರು ಮಾಡಿದ್ರಲ್ಲ, ಅದರ ಜೊತೆಗೇ ಇದೂ ಬಂತು. ನನ್ನ ಮಗಳು ಹೈದರಾಬಾದಲ್ಲಿ ಕೂತು ಮಾಡ್ತಿದ್ದಿದ್ದೂ ಅದೇ ಕೆಲಸ, ಒಂದು ಬಲ್ಬಿನ ಮಟ್ಟಕ್ಕೆ. ಸೈಕಲ್ಲಿನವರಿಗೂ ಇವಳಿಗೂ ಒಂದು ವ್ಯತ್ಯಾಸ. ಅವರು ಸ್ವಿಚ್ಚು ಎತ್ತೋವಾಗ ಬೀದಿ ಕಣ್ಣೆದುರಿಗಿರ್ತಿತ್ತು. ಯಾರು ಬರ್ತಿದಾರೆ, ಎಲ್ಲಿ ಗುಂಡಿ ತೋಡಿದಾರೆ ಎಲ್ಲ ಕಾಣ್ತಿತ್ತು.

ಆಯುಧಪೂಜೆಗೆ ಎರಡು ದಿನ ಇತ್ತು. ಹೂವಿನವರಿಗೆ ವರ್ಷದ ದುಡಿಮೆ ಅಂದ್ರೆ ಆ ಮೂರು ದಿನ. ಪೀಣ್ಯದಲ್ಲಿ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಲ್ಲಿ ಲೇತ್ ಮೆಷಿನ್ನಿಗೂ ಹಾರ, ಗಾಡಿಗೂ ಹಾರ, ಅಂಗಡಿ ತಕ್ಕಡಿಗೂ ಹಾರ. ಹೂವಿನಕ್ಕ ಹದಿನೆಂಟು ಕಡೆ ಆರ್ಡರ್ ತಗೊಂಡು, ಮೀಟರ್ ಬಡ್ಡಿಗೆ ಸಾಲ ಮಾಡಿ, ಮುಂಜಾನೆ ಮೂರಕ್ಕೇ ಹೊರಟಿದ್ದಾರೆ. ನಮ್ಮ ಮುಂದಿನ ಬೀದಿದೀಪ ಕೆಟ್ಟು ನಾಲ್ಕು ದಿನ ಆಗಿತ್ತು. ನಮ್ಮ ಗೇಟಿನ ಲೈಟು ಹನ್ನೊಂದಕ್ಕೇ ಆರಿತ್ತು. ಚರಂಡಿ ಮೇಲಿನ ಚಪ್ಪಡಿ ಒಂದು ಕಡೆ ಮೇಲೆದ್ದಿದೆ, ನಿಮಗೂ ಗೊತ್ತು, ನೀವೂ ಎಡವಿದ್ದೀರಿ. ಎರಡು ಕೈಯಲ್ಲೂ ಬುಟ್ಟಿ, ಮೊಬೈಲ್ ಟಾರ್ಚು ಹಿಡಿಯೋಕೆ ಕೈಯಿಲ್ಲ.

ಶಬ್ದಕ್ಕೆ ನನಗೆ ಎಚ್ಚರ ಆಯ್ತು. ಬೆಕ್ಕೇನೋ ಕುಂಡ ಬೀಳಿಸ್ತು ಅನ್ಕೊಂಡು ಮಗ್ಗುಲು ಬದಲಾಯಿಸಿದೆ. ಇದು ಬರೆಯೋಕೆ ಕಷ್ಟ, ಆದ್ರೂ ಬರೆದೆ. ಆಮೇಲೆ "ಅಮ್ಮಾ" ಅಂತ ಸಣ್ಣ ದನಿ ಕೇಳಿಸ್ತು. ನಮ್ಮತ್ತೆ ನನಗಿಂತ ಮುಂಚೆ ಎದ್ದು ಗೋಡೆ ಸ್ವಿಚ್ಚು ಒತ್ತಿದ್ರು. ಲೈಟಲ್ಲಿ ನೋಡಿದ್ರೆ ಹೂವಿನಕ್ಕ ಚಪ್ಪಡಿ ಮೇಲೆ ಕೂತು ಎಡಗೈ ಎದೆಗೊತ್ತಿ ಹಿಡಿದಿದ್ರು. ಮಣಿಕಟ್ಟು ವಾಲಿಕೊಂಡಿತ್ತು.

ಅವರು ಪುತ್ತೂರು ಕಟ್ಟು ಹಾಕಿಸ್ಕೊಂಡು ಮಾರ್ಕೆಟ್ಟಿಗೆ ಹೋಗ್ತೀನಿ ಅಂತ ಹಟ ಮಾಡಿದ್ರು. ಬಲವಂತ ಮಾಡಿ ಆಸ್ಪತ್ರೆಗೆ ಕರ್ಕೊಂಡು ಹೋಗಿ ಎಕ್ಸ್‌ರೇ ತೆಗೆಸಿದ್ರೆ ಮೂಳೆ ಮುರಿದಿದೆ. ಪ್ಲಾಸ್ಟರು, ಆರು ವಾರ. ಹೂವು ಕಟ್ಟೋಕೆ ಎರಡು ಕೈ ಬೇಕು. ಎಡಗೈಯಲ್ಲಿ ಹೂವು ಜೋಡಿಸಿ ಹಿಡಿಯಬೇಕು, ಬಲಗೈಯಲ್ಲಿ ದಾರ ಸುತ್ತಬೇಕು. ಹಿಡಿಯೋ ಕೈಯೇ ಇಲ್ಲ.

ಅವತ್ತು ಮಧ್ಯಾಹ್ನ ಅವರ ಮನೆಗೆ ಹೋಗಿ ಕೂತಾಗ ನಾನೇ ಕೇಳಿದೆ, "ಅಕ್ಕ, ನಮ್ಮನೆ ಲೈಟು ಇರ್ಲಿಲ್ಲ ಅಂತಾನೇ ಆಯ್ತಾ?"

"ಬಿಡಿ ಅಕ್ಕ, ನನ್ನ ಗಾಚಾರ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮನೆ ಲೈಟ್ ನೋಡ್ಕೊಂಡೇ ಕಾಲಿಡ್ತಿದ್ದೆ. ಯುಗಾದಿಯಿಂದ ಅದಿಲ್ಲ. ಕರೆಂಟು ನಿಮ್ಮದು, ಕೇಳೋಕೆ ನನಗೆ ಬಾಯಿ ಬರಲಿಲ್ಲ" ಅಂದ್ರು.

ಯುಗಾದಿಯಿಂದ ಅಂದ್ರೆ ಆರು ತಿಂಗಳು. ದಿನಾ ನನ್ನ ಬಾಗಿಲಿಗೆ ಬಂದು ಒಂದು ಮೊಳ ಮಲ್ಲಿಗೆ ಕೊಟ್ಟು ಹೋಗೋರು. ಒಂದು ಸಲ ಬಾಯಿ ಬಿಟ್ಟಿಲ್ಲ. ನಾನೂ, ರಾತ್ರಿ ನಮ್ಮ ಗೇಟಿನ ಮುಂದೆ ಯಾರ್ಯಾರು ಓಡಾಡ್ತಾರೆ ಅಂತ ಒಂದು ಸಲ ಕೇಳಿಲ್ಲ.

ಮನೆಗೆ ಬಂದು ಮಗಳ ಲೆಕ್ಕದ ಹಾಳೆ ತೆಗೆದೆ. ಅದೇ ಪೆನ್ನಲ್ಲಿ ನಾನೂ ಲೆಕ್ಕ ಹಾಕಿದೆ. ನೀವೂ ನೋಡಿ. ಹ್ಯಾಲೊಜೆನ್, ಹಳೇ ಟ್ಯೂಬ್‌ಲೈಟು, ಗೇಟಿನ ಬಲ್ಬು ಮೂರೂ ಸೇರಿ ತಿಂಗಳಿಗೆ 71 ಯೂನಿಟ್ ಹತ್ರ ಹೋಗ್ತಿತ್ತು. ಬರೀ ಬಲ್ಬು ಬದಲಾಯಿಸಿ ರಾತ್ರಿಯಿಡೀ ಉರಿಸಿದ್ರೂ 20ಕ್ಕೆ ಇಳಿದಿರೋದು. ಅಂದ್ರೆ 50 ಯೂನಿಟ್ ಉಳಿಸಿದ್ದು ಎಲ್‌ಇಡಿ, ಮೊಬೈಲಲ್ಲ. ಸೆನ್ಸರು, ಟೈಮು ಎಲ್ಲ ಸೇರಿ ಉಳಿಸಿದ್ದು ಇನ್ನೊಂದು 14. ಅದರಲ್ಲೂ ಗೇಟಿನ 9 ವ್ಯಾಟನ್ನ ರಾತ್ರಿ ಹೊತ್ತು ಆರಿಸಿ ಉಳಿದಿದ್ದು ಎರಡು ಯೂನಿಟ್ಟೂ ಇಲ್ಲ, 1.8. ಇನ್ನೊಂದು ವಿಷಯ ಮಗಳೂ ಮರೆತಿದ್ಳು. ಸ್ವಿಚ್ಚಿನ ಹಿಂದೆ ಕೂತ ಡಬ್ಬಿ ಇದೆಯಲ್ಲ, ಅದು ಮೊಬೈಲ್ ಯಾವಾಗ ಕೂಗುತ್ತೋ ಅಂತ ಹಗಲೂ ರಾತ್ರಿ ಕಿವಿ ತೆರ್ಕೊಂಡೇ ಕೂತಿರುತ್ತೆ. ಅದಕ್ಕೇ ಹೆಚ್ಚುಕಮ್ಮಿ ಒಂದು ವ್ಯಾಟು ಬೇಕು, ತಿಂಗಳಿಗೆ 0.7 ಯೂನಿಟ್ಟು. ಕಳೆದ್ರೆ ಉಳಿದಿದ್ದು 1.1. ಯೂನಿಟ್ಟಿಗೆ ಆರು ರೂಪಾಯಿ ಹಿಡಿದ್ರೂ ಏಳು ರೂಪಾಯಿ ಆಗಲ್ಲ. ನಮ್ಮ ಬಿಲ್ಲು ಆ ಏಳು ರೂಪಾಯಿ ಇಲ್ಲದೇನೂ ಸೊನ್ನೆಯೇ ಬರ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ಹಾಳೆ ತೋರಿಸಿದೆ. ನಮ್ಮನೆಯವರು, "ಬೀದಿದೀಪ ಸರಿ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ, ಅದು ನಮ್ಮ ತಪ್ಪಾ?" ಅಂದ್ರು. ಮಗಳು ಫೋನಲ್ಲಿ, "ಅಮ್ಮಾ, ಬೀದಿಗೆ ಬೆಳಕು ಕೊಡೋದು ನಮ್ಮ ಕೆಲಸಾನಾ? ಎಲ್ಲರ ಮನೆಯವರೂ ರಾತ್ರಿಯಿಡೀ ಹಾಕ್ಕೊಂಡ್ರೆ ಎಷ್ಟು ಕರೆಂಟು ಹಾಳು ಗೊತ್ತಾ?" ಅಂದ್ಳು. ಇಬ್ಬರೂ ಹೇಳಿದ್ದು ಸುಳ್ಳಲ್ಲ. ನಾನೂ ಜಗಳ ಆಡಲಿಲ್ಲ. ನಮ್ಮತ್ತೆ ಮಾತ್ರ ಮಜ್ಜಿಗೆ ಅನ್ನ ಕಲಸ್ತಾ, "ಆರಿಸೋದಕ್ಕೆ ಮುಂಚೆ ಹೊರಗೆ ಬಂದು ಒಂದ್ಸಲ ನೋಡಿ ಆರಿಸ್ತಿದ್ವಿ" ಅಂದ್ರು. ಅಷ್ಟೇ.

ಆಯುಧಪೂಜೆ ಆರ್ಡರ್ ಏನಾಯ್ತು ಅಂತ ಕೇಳ್ತೀರ. ಆಟೋದ ಉಳಿದ ಮೂವರು ಹೂವು ತಂದುಕೊಟ್ರು. ನಾವು ಬೀದಿಯ ಏಳು ಜನ ಹೆಂಗಸರು ಅವರ ವಠಾರದ ಜಗಲಿ ಮೇಲೆ ಕೂತು ಕಟ್ಟಿದ್ವಿ. ದೇವರಿಗೆ ಅಂತ ಮನೇಲಿ ಒಂದು ಮೊಳ ಕಟ್ಟೋದು ಬೇರೆ, ಹಾರ ಕಟ್ಟೋದು ಬೇರೆ ಅಂತ ಆವತ್ತು ಗೊತ್ತಾಯ್ತು. ನನ್ನದು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಹೂವಿನಕ್ಕ ಒಂದೇ ಕೈಯಲ್ಲಿ ಎತ್ತಿ ನೋಡಿ, "ಇದು ಲೇತ್ ಮೆಷಿನ್ನಿಗೆ ಇರ್ಲಿ, ಅದು ಮಾತಾಡಲ್ಲ" ಅಂದ್ರು. ಹದಿನೆಂಟರಲ್ಲಿ ಹನ್ನೊಂದು ಆರ್ಡರ್ ಮುಟ್ಟಿಸಿದ್ವಿ, ಏಳು ಕೈಬಿಟ್ಟುಹೋಯ್ತು. ಆ ನಷ್ಟ ನಾವು ಕೊಡ್ತೀವಿ ಅಂದ್ರೆ ತಗೊಳ್ಳಲಿಲ್ಲ. ಕೊನೆಗೆ ಆಸ್ಪತ್ರೆ ಖರ್ಚು ಮಾತ್ರ ಒಪ್ಪಿಸಿದೆ.

ಅಲ್ಲೇ ಕೂತು ಕಟ್ತಾ ಇರೋವಾಗ ನನ್ನ ಸೇವಂತಿಗೆ ಕುಂಡದ ಮಾತು ಬಂತು. ಗೇಟಿನ ಕಂಬದ ಪಕ್ಕ ಇಟ್ಟು ಎರಡು ವರ್ಷ ಆಯ್ತು, ಗಿಡ ಸೊಂಪಾಗಿ ಬೆಳೆಯುತ್ತೆ, ಒಂದು ಮೊಗ್ಗಿಲ್ಲ ಅಂದೆ. ಹೂವಿನಕ್ಕ ನಕ್ಕುಬಿಟ್ರು. "ಲೈಟ್ ಕೆಳಗಿಟ್ರೆ ಎಲ್ಲಿ ಬಿಡುತ್ತೆ? ಚಿಕ್ಕಬಳ್ಳಾಪುರದ ಕಡೆ ರೈತರು ತೋಟದ ತುಂಬ ಬಲ್ಬ್ ಹಾಕ್ತಾರೆ ಗೊತ್ತಾ, ಹೂವು ಬೇಗ ಬರಬಾರದು ಅಂತ. ಹಬ್ಬದ ಲೆಕ್ಕ ನೋಡ್ಕೊಂಡು ಆರಿಸ್ತಾರೆ, ಆಮೇಲೆ ಮೊಗ್ಗು." ಸೇವಂತಿಗೆಗೆ ರಾತ್ರಿ ಉದ್ದ ಇದ್ರೇನೇ ಮೊಗ್ಗು ಕಟ್ಟೋದು. ರಾತ್ರಿ ಬಲ್ಬು ಉರಿದ್ರೆ ಅದಕ್ಕೆ ಇನ್ನೂ ಬೇಸಿಗೆ ಅಂತ ಲೆಕ್ಕ, ಬರೀ ಎಲೆ ಬಿಡ್ತಾ ಇರುತ್ತೆ. ಹನ್ನೊಂದಕ್ಕೆ ಆರಿಸಿದ್ರೂ ಸಾಲದು, ಮುಸ್ಸಂಜೆಯಿಂದಲೇ ಕತ್ತಲೆ ಬೇಕು. ಕುಂಡ ತಗೊಂಡು ಹೋಗಿ ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಇಟ್ಟೆ. ಧನುರ್ಮಾಸದಲ್ಲಿ ಮೈತುಂಬ ಹಳದಿ ಹೂವು.

ಲೈಟಿನ ವಿಷಯಕ್ಕೆ ಬರ್ತೀನಿ. ಮಗಳು ಮೊದಲು ಗೇಟಿಗೂ ಸೆನ್ಸರ್ ಹಾಕೋಣ ಅಂದ್ಳು. ಹಾಕಿದ್ವಿ. ನಮ್ಮ ಬೀದಿ ನಾಯಿಗಳಿಗೆ ಅದೊಂದು ಆಟ ಆಯ್ತು. ರಾತ್ರಿಯಿಡೀ ಹತ್ತಿ ಆರಿ, ಹತ್ತಿ ಆರಿ, ಎದುರುಮನೆ ಮಗು ಮತ್ತೆ ಅಳು. ಅದೂ ಅಲ್ಲದೆ ಅದಕ್ಕೆ ಕಾಣೋದು ನಾಲ್ಕಾರು ಮೀಟರು. ಹೂವಿನಕ್ಕ ಚಪ್ಪಡಿ ದಾಟಿ ಬಂದ ಮೇಲೆ ಹತ್ತಿದ್ರೆ ಏನು ಉಪಯೋಗ? ನಾಲ್ಕರಿಂದ ಐದೂವರೆಗೆ ಟೈಮ್ ಇಡೋಣ ಅಂದ್ರೆ, ಅವರು ಹೊರಡೋದು ದಿನಕ್ಕೊಂದು ಹೊತ್ತು. ಶುಕ್ರವಾರ ಮೂರೂವರೆ, ವರಮಹಾಲಕ್ಷ್ಮಿಗೆ ಎರಡು, ಆಷಾಢದಲ್ಲಿ ಕೆಲವು ದಿನ ಹೋಗೋದೇ ಇಲ್ಲ. ಅವರ ಮೊಬೈಲಿಗೇ ಆ್ಯಪ್ ಹಾಕಿಕೊಡೋಣ ಅಂದ್ರೆ ಅವರದ್ದು ಬಟನ್ ಫೋನು.

ಕೊನೆಗೆ ನಮ್ಮ ಎಲೆಕ್ಟ್ರಿಷಿಯನ್ ಹುಡುಗ ದಾರಿ ತೋರಿಸಿದ. ಗೇಟಿನ ವೈಫೈ ಡಬ್ಬಿ ತೆಗೆದು, ಬರೀ ರಿಮೋಟಿನ ಡಬ್ಬಿ ಹಾಕಿದ. ಇಂಟರ್ನೆಟ್ಟೂ ಬೇಡ, ಆ್ಯಪೂ ಬೇಡ. ಟಿವಿ ರಿಮೋಟಿನ ಹಾಗೆ ನೇರ ಗುರಿ ಹಿಡಿಯೋದೂ ಬೇಡ. ಟಿವಿದು ಕಣ್ಣಿಗೆ ಕಾಣದ ಬೆಳಕು, ಅಡ್ಡ ಯಾರಾದ್ರೂ ನಿಂತ್ರೆ ಆಗಲ್ಲ. ಇದು ರೇಡಿಯೋ, ಬಾಗಿಲು ಗೋಡೆ ದಾಟಿ ಬರುತ್ತೆ. ಎದುರು ವಠಾರದ ಬಾಗಿಲಲ್ಲಿ ನಿಂತು ಒತ್ತಿಸಿ ನೋಡಿದ್ವಿ, ಟಕ್ ಅಂತ ಹತ್ತಿತು. ಇದೂ ಒಂದಿಷ್ಟು ಕರೆಂಟು ಕುಡಿಯುತ್ತೆ, ಸುಮ್ಮನೆ ಕೂರೋ ಪೆಟ್ಟಿಗೆಗಳೆಲ್ಲ ಕುಡಿಯುತ್ವೆ. ಕರೆಂಟ್ ಹೋಗಿ ಬಂದ್ರೆ ಆರೇ ಇರುತ್ತೆ, ಅದು ನನಗೆ ಇಷ್ಟ ಆಯ್ತು. ಡಬ್ಬಿಯ ಜೊತೆ ಎರಡು ರಿಮೋಟು ಬಂದ್ವು, ಬೈಕಿನ ಕೀ ಗೊಂಚಲಿಗೆ ಹಾಕ್ತಾರಲ್ಲ ಅಷ್ಟು ಸಣ್ಣದು. ಒಂದು ನಮ್ಮತ್ತೆ ದಿಂಬಿನ ಪಕ್ಕ. ಇನ್ನೊಂದು ಹೂವಿನಕ್ಕನ ಸೊಂಟದ ಚೀಲದಲ್ಲಿ.

ತಗೊಳ್ಳೋಕೆ ಅವರು ಸುಲಭಕ್ಕೆ ಒಪ್ಪಲಿಲ್ಲ. "ನಿಮ್ಮನೆ ಸ್ವಿಚ್ಚು ನನ್ನ ಕೈಗ್ಯಾಕೆ? ನಾಳೆ ಬಿಲ್ ಜಾಸ್ತಿ ಬಂದ್ರೆ ನನ್ನ ಮೇಲೆ ಬರುತ್ತೆ" ಅಂದ್ರು. ಲೆಕ್ಕದ ಹಾಳೆ ತೋರಿಸಿದೆ. ದಿನಾ ಒಂದೂವರೆ ಗಂಟೆ ಉರಿಸಿದ್ರೂ ತಿಂಗಳಿಗೆ ಅರ್ಧ ಯೂನಿಟ್ ಆಗಲ್ಲ ಅಂದೆ. ಓದೋಕೆ ಬರಲ್ಲ, ಆದ್ರೆ ಲೆಕ್ಕದಲ್ಲಿ ಅವರನ್ನ ಮೀರಿಸೋರಿಲ್ಲ. ಎರಡು ಸಲ ಬಾಯಲ್ಲಿ ಹೇಳಿಸ್ಕೊಂಡು, "ಎರಡೂವರೆ ರೂಪಾಯಿ" ಅಂತ ಅವರೇ ಹೇಳಿ, ರಿಮೋಟು ಇಸ್ಕೊಂಡ್ರು. ಮೊದಲ ವಾರ ಚೀಲದಲ್ಲಿ ಎಲೆಅಡಿಕೆ ಡಬ್ಬಿ ತಗುಲಿ ಹಗಲು ಹೊತ್ತಲ್ಲೇ ಲೈಟು ಹತ್ಕೊಳ್ಳೋದು. ಈಗ ಅದನ್ನ ಬಟ್ಟೇಲಿ ಸುತ್ತಿ ಇಟ್ಕೊಂಡಿದಾರೆ.

ಮಗಳ ಮೊಬೈಲಲ್ಲಿ ಈಗ ನಮ್ಮ ಫ್ಲಡ್‌ಲೈಟ್ ಮಾತ್ರ ಇದೆ, ಆರೂವರೆಯಿಂದ ಹನ್ನೊಂದು. ಊರಿಗೆ ಹೋದಾಗ ಮನೆಯಲ್ಲಿ ಜನ ಇದಾರೆ ಅನ್ನೋ ಹಾಗೆ ಕಾಣಿಸೋಕೆ ಅದು ಒಳ್ಳೇದು, ಇಲ್ಲ ಅನ್ನಲ್ಲ. ಗೇಟಿಂದು ಮುಸ್ಸಂಜೆಗೆ ನಮ್ಮತ್ತೆ ಹಾಕ್ತಾರೆ. ಹನ್ನೊಂದರ ಹೊತ್ತಿಗೆ ಬಾಗಿಲು ತೆಗೆದು ಹೊರಗೆ ಒಂದು ಸಲ ಇಣುಕಿ ನಾನು ಆರಿಸ್ತೀನಿ. ಜೋರು ಮಳೆ ಇದ್ರೆ ಆರಿಸಲ್ಲ. ಮುಂಜಾನೆ ನಾಲ್ಕಕ್ಕೆ ನನಗೆ ಎಚ್ಚರ ಇದ್ರೆ ಬೋರ್ಡಿನ ಟಕ್ ಶಬ್ದ ಕೇಳಿಸುತ್ತೆ, ಕಿಟಕಿ ಪರದೆ ಹಳದಿ ಆಗುತ್ತೆ, ಆಟೋ ಬರುತ್ತೆ, ಬುಟ್ಟಿ ಎತ್ತಿ ಹಾಕೋ ಸದ್ದು, ಮತ್ತೆ ಟಕ್. ಒಂದೂವರೆ ಗಂಟೆ ಎಲ್ಲಿ ಬಂತು, ಕಾಲು ಗಂಟೆ ಉರಿಸಲ್ಲ ಆಯಮ್ಮ.

ಅತ್ತಿಗೆ, ನಿಮಗೆ ಹೇಳೋದಿಷ್ಟು: ಮೊದಲು ಹಿತ್ತಲಿನ ಆ ಹಳೇ ಬಲ್ಬು ಬದಲಾಯಿಸಿ. ದನದ ಕೊಟ್ಟಿಗೆ ಕಡೆ ಸೆನ್ಸರ್ ಬೇಡ, ದನ ಅಲ್ಲಾಡಿದ್ರೂ ಹತ್ತುತ್ತೆ. ಮೊಬೈಲಿನದು ಬೇಕಾ ಬೇಡ್ವಾ ಆಮೇಲೆ ನೋಡೋಣ. ಅಣ್ಣ ಹಾಕಿಸಿಯೇ ತೀರ್ತೀನಿ ಅಂದ್ರೆ, ರಾತ್ರಿ ನಿಮ್ಮ ಬಾಗಿಲ ಮುಂದೆ ಯಾರು ಹಾದುಹೋಗ್ತಾರೆ ಅಂತ ಮೊದಲು ಕೇಳಿ ಆಮೇಲೆ ಟೈಮ್ ಇಡಿಸಿ.

ಇದನ್ನ ಬರೀತಾ ಇರೋವಾಗಲೇ ಹೂವಿನಕ್ಕ ಬಂದಿದ್ರು. ರಿಮೋಟು ಎರಡು ದಿನದಿಂದ ಕೆಲಸ ಮಾಡ್ತಿಲ್ಲವಂತೆ. ಬಿಚ್ಚಿ ನೋಡಿದ್ರೆ ಸೆಲ್ಲು ಮುಗಿದಿದೆ. ಗಡಿಯಾರಕ್ಕೆ ಹಾಕೋದಲ್ಲ, ಕಿರುಬೆರಳಿಗಿಂತ ಸಣ್ಣದು, 12 ವೋಲ್ಟಿಂದು. ಪೈಪ್‌ಲೈನ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡೀಲಿ ಸಿಗುತ್ತೆ. "ಎರಡು ದಿನ ಏನ್ಮಾಡಿದ್ರಿ ಅಕ್ಕ?" ಅಂತ ಗಾಬರಿಯಿಂದ ಕೇಳಿದೆ. "ನಿಮ್ಮತ್ತೆ ಹಾಕಿದ್ರು. ಕಿಟಕೀಲಿ ಕಾಯ್ತಾ ಕೂತಿದ್ರು" ಅಂದ್ರು. ನನಗೆ ಅದೂ ಗೊತ್ತಿರ್ಲಿಲ್ಲ. ಅಂಗಡಿಗೆ ಹೊರಟಿದೀನಿ, ಸೆಲ್ಲು ಎರಡು ತರ್ತೀನಿ.